ಐಆರ್‌ಸಿ ಚಾನೆಲ್‌ನಲ್ಲಿ ನೆರವು ಕೇಳುವ ಬಗೆ

ವಿಜಯಪುರದ ಡಿಟಿಪಿ ಅಂಗಡಿಯಲ್ಲಿ ಕುಳಿತು ಡೆಬಿಯನ್ ಲಿನಕ್ಸ್ ಬಳಸುವವರಿಗಾಗಲಿ, ಬಾಗಲಕೋಟೆಯ ನವನಗರದ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಮೇಲೆ ಪೈಥಾನ್ ಕಲಿಯುತ್ತಿರುವ ವಿದ್ಯಾರ್ಥಿಗಾಗಲಿ, ಕೆಲಸ ನಡುವೆಯೇ ನಿಂತಾಗ ಕೇಳಲು ಬಲ್ಲವರು ಓಣಿಯಲ್ಲಿ ಸಿಗುವುದು ಅಪರೂಪ. ಅಂಥ ಹೊತ್ತಿನಲ್ಲಿ ನಾನು ಮೊದಲು ತೆರೆಯುವುದು ಐಆರ್‌ಸಿಯನ್ನು, ಅಂದರೆ ಇಂಟರ್ನೆಟ್ ರಿಲೇ ಚಾಟನ್ನು. 1988ರ ಆಗಸ್ಟ್‌ನಲ್ಲಿ ಫಿನ್ಲೆಂಡ್‌ನ ಔಲು ವಿಶ್ವವಿದ್ಯಾಲಯದಲ್ಲಿದ್ದ ಯಾರ್ಕೊ ಒಯ್ಕರಿನೆನ್ ರೂಪಿಸಿದ ಈ ಹರಟೆ ವ್ಯವಸ್ಥೆಗೆ ಮೊಬೈಲ್ ನಂಬರ್ ಬೇಕಿಲ್ಲ, ಹಣ ಬೇಕಿಲ್ಲ, ವೇಗದ ಇಂಟರ್ನೆಟ್ಟೂ ಬೇಕಿಲ್ಲ. ಅಲ್ಲಿ ಹರಿಯುವುದು ಬರಿಯ ಅಕ್ಷರ. ಹಲವು ಮುಕ್ತ ತಂತ್ರಾಂಶಗಳನ್ನು ಕಟ್ಟುವವರು ಇಂದಿಗೂ ಅಲ್ಲಿ ಕುಳಿತು, ಬಂದವರ ತೊಡಕುಗಳನ್ನು ಬಿಡಿಸುತ್ತಿದ್ದಾರೆ.

ಮೊದಲು ಅದರ ರಚನೆಯನ್ನು ತಿಳಿದುಕೊಳ್ಳಬೇಕು. ಒಂದಕ್ಕೊಂದು ಜೋಡಿಸಿದ ಸರ್ವರ್‌ಗಳ ಗುಂಪಿಗೆ ನೆಟ್‌ವರ್ಕ್ ಎನ್ನುತ್ತಾರೆ. ಅದರೊಳಗೆ ಒಂದೊಂದು ವಿಷಯಕ್ಕೆ ಒಂದೊಂದು ಚಾನೆಲ್ ಇದ್ದು, ಚಾನೆಲ್‌ನ ಹೆಸರು ಸಾಮಾನ್ಯವಾಗಿ # ಗುರುತಿನಿಂದ ಶುರುವಾಗುತ್ತದೆ. 2021ರ ಮೇ ತಿಂಗಳಲ್ಲಿ ಆರಂಭವಾದ ಲಿಬೆರಾ ಚಾಟ್‌ನಲ್ಲಿ ಪೈಥಾನ್, ಲಿಬ್ರೆಆಫೀಸ್ ಮೊದಲಾದವುಗಳ ಚಾನೆಲ್‌ಗಳಿವೆ. ಡೆಬಿಯನ್ ಬಳಗದವರು ಸೇರುವುದು ಓಎಫ್‌ಟಿಸಿ ಎಂಬ ಬೇರೆ ನೆಟ್‌ವರ್ಕ್‌ನಲ್ಲಿ. ಎರಡು ನೆಟ್‌ವರ್ಕ್‌ಗಳಲ್ಲಿ ಒಂದೇ ಹೆಸರಿನ ಚಾನೆಲ್ ಇದ್ದರೂ ಅವು ಎರಡು ಬೇರೆ ಊರುಗಳಿದ್ದಂತೆ, ಆದ್ದರಿಂದ ತಂತ್ರಾಂಶದ ಅಧಿಕೃತ ತಾಣದಲ್ಲಿ ಯಾವ ನೆಟ್‌ವರ್ಕ್ ಎಂದು ನೋಡಿಕೊಂಡೇ ಹೊರಡುವುದು ಒಳ್ಳೆಯದು.

ಇಲ್ಲಿ ಕಮಾಂಡ್‌ಗಳನ್ನು ಕನ್ನಡದ ಉಚ್ಚಾರದಲ್ಲಿ ಅಚ್ಚು ಮಾಡಲಾಗಿದೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು.

ಮೊದಲ ದಿನ ಏನನ್ನೂ ಇನ್‌ಸ್ಟಾಲ್ ಮಾಡುವ ಗೋಜಿಲ್ಲದೆ ಬ್ರೌಸರ್‌ನಿಂದಲೇ ಒಳಹೋಗಬಹುದು. ಲಿಬೆರಾಕ್ಕೆ ‘ವೆಬ್ ಡಾಟ್ ಲಿಬೆರಾ ಡಾಟ್ ಚಾಟ್’, ಓಎಫ್‌ಟಿಸಿಗೆ ‘ವೆಬ್‌ಚಾಟ್ ಡಾಟ್ ಓಎಫ್‌ಟಿಸಿ ಡಾಟ್ ನೆಟ್’ ವಿಳಾಸವನ್ನು ತೆರೆದು, ನಿಕ್ ಎಂದು ಕರೆಯುವ ಅಡ್ಡಹೆಸರೊಂದನ್ನು ಕೊಟ್ಟರೆ ಸಾಕು. ಅದು ಅಂಕಿಯಿಂದ ಶುರುವಾಗಬಾರದು, ನಡುವೆ ಜಾಗ ಇರಬಾರದು. ರೂಢಿಯಾದ ಮೇಲೆ ವೀಚ್ಯಾಟ್, ಇರ್ಸಿ ಅಥವಾ ಕಾನ್ವರ್ಸೇಶನ್‌ನಂಥ ಕ್ಲೈಂಟ್, ಅಂದರೆ ಐಆರ್‌ಸಿಗೆ ಸೇರಿಸುವ ತಂತ್ರಾಂಶ, ಹಾಕಿಕೊಂಡು, 6697ನೆಯ ಪೋರ್ಟ್ ಮೂಲಕ ಗೂಢಲಿಪಿಯ ಸಂಪರ್ಕ ಪಡೆಯುವುದು ಲೇಸು. ಒಳಬಂದ ಮೇಲೆ ‘/ಜಾಯಿನ್ #ಡೆಬಿಯನ್’ ಎಂದು ಬರೆದು ಎಂಟರ್ ಒತ್ತಿದರೆ ಚಾನೆಲ್ ತೆರೆದುಕೊಳ್ಳುತ್ತದೆ. ಮೇಲ್ಭಾಗದಲ್ಲಿ ಕಾಣುವ ಟಾಪಿಕ್ ಸಾಲನ್ನು ಓದದೆ ಮುಂದೆ ಹೋಗಬೇಡಿ, ಏಕೆಂದರೆ ಅಲ್ಲಿಯ ನಿಯಮಗಳನ್ನು ಬಹುಪಾಲು ಆ ಒಂದು ಸಾಲಿನಲ್ಲಿಯೇ ಅಡಕ ಮಾಡಿರುತ್ತಾರೆ.

ಕೆಲವು ಚಾನೆಲ್‌ಗಳಲ್ಲಿ ನೋಂದಾಯಿಸಿದ ನಿಕ್ ಇದ್ದವರಿಗೆ ಮಾತ್ರ ಬರೆಯಲು ಅವಕಾಶವಿರುತ್ತದೆ. ನೋಂದಣಿಗೆ ‘/ಎಂಎಸ್‌ಜಿ ನಿಕ್‌ಸರ್ವ್ ರಿಜಿಸ್ಟರ್’ ಎಂದು ಬರೆದು, ಮುಂದೆ ಪಾಸ್‌ವರ್ಡ್ ಮತ್ತು ಇಮೇಲ್ ವಿಳಾಸವನ್ನು ಸೇರಿಸಬೇಕು. ಲಿಬೆರಾದಲ್ಲಾದರೆ ಇಮೇಲ್‌ಗೆ ಬರುವ ಸಂಕೇತವನ್ನು ಮರಳಿ ಕಳಿಸಿದಾಗ ಅದು ಖಚಿತವಾಗುತ್ತದೆ. ಈ ಕಮಾಂಡನ್ನು ಚಾನೆಲ್‌ನ ಕಿಟಕಿಯಲ್ಲಿ ಎಂದೂ ಬರೆಯಬೇಡಿ, ಸರ್ವರ್‌ನ ಕಿಟಕಿಯಲ್ಲಿ ಬರೆಯಿರಿ. ಓರೆಗೆರೆಯ ಹಿಂದೆ ತಪ್ಪಿ ಒಂದು ಖಾಲಿ ಜಾಗ ಬಿದ್ದರೂ ಅದು ಕಮಾಂಡ್ ಎನ್ನಿಸಿಕೊಳ್ಳದೆ ಮಾತೆನ್ನಿಸಿಕೊಂಡು, ನಿಮ್ಮ ಪಾಸ್‌ವರ್ಡ್ ಚಾನೆಲ್‌ನಲ್ಲಿ ಕುಳಿತ ಎಲ್ಲರ ಪರದೆಯ ಮೇಲೆ ಮೂಡುತ್ತದೆ. ಹಾಗೇನಾದರೂ ಆದರೆ ತಡಮಾಡದೆ ಪಾಸ್‌ವರ್ಡ್ ಬದಲಿಸಬೇಕು.

ಇನ್ನು ಕೇಳುವ ಮಾತು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ‘ಯಾರಾದರೂ ಇದ್ದೀರಾ, ಒಂದು ಪ್ರಶ್ನೆ ಕೇಳಬಹುದೇ’ ಎಂದು ಬರೆದು ಉತ್ತರಕ್ಕಾಗಿ ಕಾಯುವುದು ನಮ್ಮ ಕಡೆಯ ಸಂಕೋಚಕ್ಕೆ ಸಹಜವೆನಿಸಿದರೂ, ಅಲ್ಲಿಯವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ‘ಪ್ರಿಂಟರ್ ನಡೆಯುತ್ತಿಲ್ಲ’ ಎಂಬ ಮಾತೂ ಅಷ್ಟೇ ಬಡವಾದದ್ದು. ಅದರ ಬದಲು, ಡೆಬಿಯನ್ 11ರಿಂದ 12ಕ್ಕೆ ಬಂದ ಮೇಲೆ ಯುಎಸ್‌ಬಿ ಲೇಸರ್ ಪ್ರಿಂಟರ್ ಕೆಲಸವನ್ನು ಸಾಲಿನಲ್ಲಿ ಹಿಡಿದಿಡುತ್ತದೆ ಆದರೆ ಮುದ್ರಿಸುವುದಿಲ್ಲ, ಕೇಬಲ್ ಬದಲಿಸಿ ನೋಡಿದ್ದೇನೆ, ಪ್ರಿಂಟರ್ ಸ್ಥಿತಿ ಹೇಳುವ ‘ಎಲ್‌ಪಿಸ್ಟ್ಯಾಟ್’ ಕಮಾಂಡ್ ತೋರಿಸಿದ್ದು ಈ ಕೊಂಡಿಯಲ್ಲಿದೆ, ಎಂದು ಬರೆದರೆ ಬಲ್ಲವರಿಗೆ ಎಲ್ಲಿಂದ ಶುರುಮಾಡಬೇಕೆಂಬುದು ತಿಳಿಯುತ್ತದೆ. ಸರಳ ಇಂಗ್ಲಿಷ್ ಸಾಕು. ವ್ಯಾಕರಣ ತಪ್ಪಿತೆಂದು ಯಾರೂ ಹಿಂದೆ ಸರಿಯುವುದಿಲ್ಲ. ಹತ್ತು ಸಾಲಿನ ದೋಷ ಸಂದೇಶವನ್ನು ಮಾತ್ರ ನೇರವಾಗಿ ಚಾನೆಲ್‌ಗೆ ಸುರಿಯಬಾರದು, ಸುರಿದರೆ ಸರ್ವರ್ ನಿಮ್ಮನ್ನು ಹೊರಹಾಕಲೂಬಹುದು. ಅದನ್ನು ಪೇಸ್ಟ್‌ಬಿನ್ ಎಂಬ, ಉದ್ದದ ಪಠ್ಯವನ್ನು ಹಾಕಿಡುವ ತಾಣದಲ್ಲಿಟ್ಟು ಕೊಂಡಿ ಕೊಡಿ, ಇಡುವ ಮುನ್ನ ಅದರಲ್ಲಿ ಪಾಸ್‌ವರ್ಡ್ ಇಲ್ಲವೆಂದು ನೋಡಿಕೊಳ್ಳಿ.

ಕನ್ನಡಿಗರು ಕನ್ನಡದಲ್ಲಿಯೇ ಮಾತಾಡಿಕೊಳ್ಳಲು ಚಾನೆಲ್ ತೆರೆದರೆ ಲಿಪಿಗೆ ತಡೆಯಿಲ್ಲ. ಆದರೆ ಐಆರ್‌ಸಿಯ ಒಂದು ಸಂದೇಶಕ್ಕೆ ತಲೆಬರಹವೂ (ಕಳಿಸಿದವರು, ಚಾನೆಲ್ ಯಾವುದೆಂಬ ವಿವರ) ಸೇರಿ 512 ಬೈಟ್‌ಗಳ ಮಿತಿಯಿದೆ, ಕನ್ನಡದ ಒಂದೊಂದು ಸಂಕೇತ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ. ‘ವಿಜಯಪುರ’ ಎಂಬ ಹೆಸರಿಗೆ ಗುಣಿತದ ಚಿಹ್ನೆಗಳೂ ಸೇರಿ 21 ಬೈಟ್ ಬೇಕು, ಇಂಗ್ಲಿಷ್ ಅಕ್ಷರಗಳಲ್ಲಿ 10 ಸಾಕು. ಆದ್ದರಿಂದ ಕನ್ನಡದಲ್ಲಿ ಬರೆಯುವಾಗ ವಾಕ್ಯಗಳನ್ನು ಮುರಿದು ಕಳಿಸಬೇಕು.

ಕಾಯುವುದನ್ನೂ ಕಲಿಯಬೇಕಾಗುತ್ತದೆ. ನಾನು ಮೊದಲ ಸಲ ಮುಂಜಾನೆ 11ಕ್ಕೆ ಪ್ರಶ್ನೆ ಬರೆದು, ಹತ್ತು ನಿಮಿಷ ನೋಡಿ, ಯಾರೂ ಮಾತಾಡಲಿಲ್ಲವೆಂದು ಬೇಸರಿಸಿ ಹೊರಬಂದೆ. ಬೇಸಿಗೆಯ ಆ ಹೊತ್ತಿಗೆ ಜರ್ಮನಿಯಲ್ಲಿ ಬೆಳಗಿನ ಏಳೂವರೆ, ನ್ಯೂಯಾರ್ಕ್‌ನಲ್ಲಿ ನಡುರಾತ್ರಿ ದಾಟಿ ಒಂದೂವರೆ; ಉತ್ತರಿಸುವವರು ಎಚ್ಚರವಿರಬೇಕಲ್ಲವೇ! ಸಂಜೆ 7ರ ನಂತರ ಕೇಳಿದರೆ ಎರಡೂ ಕಡೆ ಹಗಲಿರುತ್ತದೆ. ಅಗಸಿಯ ಕಟ್ಟೆಯಿಂದ ಎದ್ದು ಹೋದವನಿಗೆ ಆಮೇಲೆ ಅಲ್ಲಿ ಆಡಿದ ಮಾತು ಕೇಳಿಸದಂತೆ, ಚಾನೆಲ್ ಬಿಟ್ಟವರಿಗಾಗಿ ಸರ್ವರ್ ಸಾಮಾನ್ಯವಾಗಿ ಉತ್ತರವನ್ನು ಕಾದಿರಿಸುವುದಿಲ್ಲ, ಆದ್ದರಿಂದ ಕಿಟಕಿಯನ್ನು ತೆರೆದಿಟ್ಟು ಬೇರೆ ಕೆಲಸ ಮಾಡಿಕೊಳ್ಳುತ್ತಿರಿ. ಉತ್ತರಿಸುವಾಗ ಎದುರಿನವರ ನಿಕ್‌ನ ಮೊದಲ ಎರಡು ಮೂರು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಪೂರ್ಣ ಹೆಸರು ಬರುತ್ತದೆ, ಅವರಿಗೂ ಗೊತ್ತಾಗುತ್ತದೆ. ಅನುಮತಿ ಕೇಳದೆ ಖಾಸಗಿ ಸಂದೇಶ ಕಳಿಸುವುದು ಅಲ್ಲಿ ಒರಟುತನ.

ಯಾರೇ ಕಮಾಂಡ್ ಹೇಳಿಕೊಟ್ಟರೂ, ಅದರಲ್ಲೂ ರೂಟ್ ಅಧಿಕಾರದಲ್ಲಿ (ಕಂಪ್ಯೂಟರಿನ ಮೇಲಿನ ಪೂರ್ಣ ಅಧಿಕಾರದಲ್ಲಿ) ನಡೆಸಬೇಕಾದದ್ದನ್ನು, ಅದು ಏನು ಮಾಡುತ್ತದೆಂದು ಕೇಳಿ ತಿಳಿದುಕೊಂಡೇ ನಡೆಸಿ. ಕೇಳಿದರೆ ಒಳ್ಳೆಯವರು ಸಿಟ್ಟಾಗುವುದಿಲ್ಲ. ಎರಡನೆಯ ಸಂಜೆ ನನಗೆ ಸಿಕ್ಕವರು ಹಳೆಯ ಪ್ರಿಂಟರ್ ನಮೂದನ್ನು ಅಳಿಸಿ ಹೊಸದಾಗಿ ಸೇರಿಸುವಂತೆ ಹೇಳಿ, ಹಾಗೇಕೆ ಮಾಡಬೇಕೆಂಬುದನ್ನೂ ಎರಡು ಸಾಲಿನಲ್ಲಿ ವಿವರಿಸಿದರು. ಮುದ್ರಣ ಹೊರಬಂದ ಕೂಡಲೇ ‘ಸರಿಹೋಯಿತು, ಹಳೆಯ ನಮೂದೇ ಕಾರಣವಾಗಿತ್ತು’ ಎಂದು ನಾನು ಚಾನೆಲ್‌ನಲ್ಲಿ ಬರೆದೆ. ಅದೇ ತೊಡಕಿನಲ್ಲಿದ್ದ ಇನ್ನೊಬ್ಬರು ಆ ಸಾಲನ್ನು ಹಿಡಿದು ತಮ್ಮ ಪ್ರಶ್ನೆ ಶುರುಮಾಡಿದ್ದರಿಂದ, ‘/ಕ್ವಿಟ್’ ಎಂದು ಬರೆದು ಹೊರಬರುವಷ್ಟರಲ್ಲಿ ರಾತ್ರಿ ಹತ್ತಾಗಿತ್ತು.