ಚೌಡಿ ಬನವನ್ನು ಅರಣ್ಯ ಹಕ್ಕಿನ ಅರ್ಜಿಗೆ ತರುವ ಬಗೆ

ಮಲೆನಾಡಿನ ಭೂಮಿ ಹೋರಾಟಗಾರರಿಗೆ ದೇವರ ವಿಷಯ ಬಂದರೆ ಸ್ವಲ್ಪ ಮುಜುಗರ. 1951ರ ಕಾಗೋಡು ಸತ್ಯಾಗ್ರಹ ಗೇಣಿ ಅಳೆಯುವ ಕೊಳಗದ ಜಗಳದಿಂದ ಹೊತ್ತಿಕೊಂಡದ್ದು, ಸಮಾಜವಾದಿಗಳು ಮುಂದಕ್ಕೆ ಒಯ್ದದ್ದು. ಆ ಹಾದಿಯಲ್ಲಿ ಬಂದವರು ಇವತ್ತಿಗೂ ಬನ (ಚೌಡಿಯಂಥ ಊರದೇವರಿಗೆ ಬಿಟ್ಟ ಕಾಡು), ಹರಕೆ, ಚರಗದ (ಗದ್ದೆಗೆ ಚೆಲ್ಲುವ ಎಡೆ) ಮಾತೆತ್ತಿದರೆ ಮಾತು ಮರೆಸುತ್ತಾರೆ. ಕಾಡಿನಲ್ಲಿ ಅನುಭವಿಸುತ್ತಿರುವ ಜಮೀನಿಗೂ ಕಾಡಿನ ಬಳಕೆಗೂ ಹಕ್ಕು ಕೇಳುವ ಅರಣ್ಯ ಹಕ್ಕಿನ ಅರ್ಜಿ ಬರೆಯುವಾಗ ಈ ಮುಜುಗರ ದುಬಾರಿ ಬೀಳುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ 13ನೇದು ಪೂಜಾಸ್ಥಳ, ಬಾವಿ, ಸ್ಮಶಾನಗಳನ್ನು ಪುರಾತನ ವಾಸದ ಸಾಕ್ಷ್ಯವೆಂದೇ ಹೆಸರಿಸಿದೆ. ಸಮುದಾಯ ಅರಣ್ಯದ ಹಕ್ಕಿಗೆ ಪವಿತ್ರ ಮರ, ಬನ, ಹೊಂಡಗಳೂ ನಡೆಯುತ್ತವೆ. ಕಂದಾಯದ ಕಾಗದವೇ ಇಲ್ಲದ ಕೇರಿಗೆ ಭೂತಪ್ಪನ ಕಲ್ಲೇ ದಾಖಲೆ.

ಇದರ ಅಗತ್ಯ ಹೆಚ್ಚು ಬೀಳುವುದು ಪರಿಶಿಷ್ಟ ಪಂಗಡಕ್ಕೆ ಸೇರದವರಿಗೆ. ಪರಿಶಿಷ್ಟ ಪಂಗಡದ ಹಸಲರು, ಗೌಡಲುಗಳಿಗೆ 2005ರ ಡಿಸೆಂಬರ್ 13ಕ್ಕೆ ಜಮೀನು ಅನುಭವದಲ್ಲಿದ್ದರೆ ಸಾಕು. ದೀವರು, ಒಕ್ಕಲಿಗರು, ದಲಿತರು ಅದರ ಜೊತೆಗೆ ಮೂರು ತಲೆಮಾರು, ಅಂದರೆ 75 ವರ್ಷ ಕಾಡನ್ನು ನೆಚ್ಚಿ ಬದುಕಿದ್ದನ್ನು ತೋರಿಸಬೇಕು. ಲೆಕ್ಕ 1930ಕ್ಕೆ ಮುಟ್ಟಬೇಕು. ಇಲ್ಲೇ ಬಹಳ ಜನ ಎಡವುವುದು. 75 ವರ್ಷ ಕೇಳುವುದು ವಾಸಕ್ಕೆ, ಅದೇ ಗದ್ದೆಯನ್ನು ಉತ್ತದ್ದಕ್ಕಲ್ಲ. ಹಾಗಾಗಿ ಗದ್ದೆಯಿಂದ ಮೈಲಿ ದೂರದ ಚೌಡಿ ಬನವೂ ಕೆಲಸಕ್ಕೆ ಬರುತ್ತದೆ.

ಮೊದಲ ಕೆಲಸ ನಡೆದು ನೋಡುವುದು. ಮಳೆ ಬಿಟ್ಟ ಮೇಲೆ, ಕೊನೆಕೊಯ್ಲು ಜೋರಾಗುವ ಮೊದಲು ಒಂದು ದಿನ ಇಟ್ಟುಕೊಳ್ಳಿ. ಅಡಿಕೆ ಸುಲಿಯುವ ಕಾಲಕ್ಕೆ ಯಾರೂ ಸಿಗುವುದಿಲ್ಲ. ಬನ ಗೊತ್ತಿರುವ ಇಬ್ಬರು ಅಜ್ಜಿಯರು, ಫೋನಿನಲ್ಲಿ ಜಿಪಿಎಸ್ ನೋಡಬಲ್ಲ ಒಬ್ಬರು, ಬರೆದುಕೊಳ್ಳಲು ಒಬ್ಬರು ಸಾಕು. ಚೌಡಿ, ಭೂತ, ಜಟಕ, ನಾಗ, ಹುಲಿದೇವರ ಕಲ್ಲು, ಸುಡುಗಾಡು, ಹಳೇ ಬಾವಿ, ಕಾನಿನೊಳಗಿನ (ದಟ್ಟ ಕಾಡಿನೊಳಗಿನ) ಹೊಂಡ, ಎಲ್ಲ ಬರೆದುಕೊಳ್ಳಿ. ಒಂದೊಂದಕ್ಕೂ ನಾಲ್ಕು ಸಂಗತಿ: ಊರಿನ ಬಾಯಲ್ಲಿರುವ ಹೆಸರು, ಸರ್ವೆ ನಂಬರ್, ಪೂಜೆಯ ದಿನ, ಪೂಜೆ ಯಾವ ಮನೆತನದ್ದು. ಮುಸ್ಲಿಮರ ದರ್ಗಾ, ಕ್ರೈಸ್ತರ ಶಿಲುಬೆ ಕಟ್ಟೆ ಇದ್ದರೆ ಅದೇ ಪಟ್ಟಿಗೆ ಸೇರಲಿ. ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಿ ದರ್ಗಾವೂ ಭೂತರಾಯ ಚೌಡೇಶ್ವರಿಯೂ ಒಂದೇ ಸೂರಿನಡಿ ಇರುವುದು ಎಲ್ಲರಿಗೂ ಗೊತ್ತು. ಅಂಥ ಜಾಗ ನಿಮ್ಮೂರಲ್ಲಿದ್ದರೆ ಎರಡೂ ಹೆಸರು ಬರೆಯಿರಿ. ಒಂದನ್ನು ಬಿಟ್ಟರೆ ಊರೂ ಒಡೆಯುತ್ತದೆ, ಸಾಕ್ಷಿಯೂ ಸೊರಗುತ್ತದೆ.

ಹಿರಿಯರ ಹೇಳಿಕೆಗೆ ಹೆಚ್ಚು ಹೊತ್ತು ಕೊಡಿ. ಹೇಳಿಕೆ ಕೊಡುವವರು ಅರ್ಜಿದಾರರಾಗಿರಬಾರದು. "ಅನಾದಿಕಾಲದಿಂದ ಪೂಜೆ ನಡೆದುಬಂದಿದೆ" ಎಂದು ಬರೆದರೆ ಕಚೇರಿಯಲ್ಲಿ ಅದಕ್ಕೆ ಕಾಸಿನ ಬೆಲೆಯಿಲ್ಲ. "ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಇಂಥವರ ಅಜ್ಜ ಭೂಮಣ್ಣಿ ಬುಟ್ಟಿ ಹೊತ್ತು ಚೌಡಿ ಬನದ ಮೇಲೆ ಹಾದು ಗದ್ದೆಗೆ ಚರಗ ಚೆಲ್ಲಲು ಹೋಗುತ್ತಿದ್ದರು, ನಾನು ದೊಂದಿ ಹಿಡಿದು ಹಿಂದೆ ಹೋಗುತ್ತಿದ್ದೆ, ಆಗ ನನಗೆ ಏಳೆಂಟು ವರ್ಷ, ಈಗ 84" ಎಂದು ಬರೆಸಿ. ಅದರ ಕೆಳಗೆ ಆ ಅಜ್ಜನಿಂದ ಅರ್ಜಿದಾರರವರೆಗಿನ ವಂಶವೃಕ್ಷ ಅಂಟಿಸಿ. ಹಬ್ಬ, ಹಾದಿ, ವಯಸ್ಸು ಮೂರೂ ಕೂಡಿದಾಗ ಹೇಳಿಕೆಯ ಕಾಲ ತಾನೇ ಲೆಕ್ಕಕ್ಕೆ ಸಿಗುತ್ತದೆ, ಅಲ್ಲಿಂದ ಹಿಂದಕ್ಕೆ 1930ರವರೆಗೆ ಒಯ್ಯುವುದು ವಂಶವೃಕ್ಷದ ಕೆಲಸ. ಬನದ ಫೋಟೊ ಒಂದನ್ನೇ ನೆಚ್ಚಬೇಡಿ. ನಿಯಮ ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಕೇಳುತ್ತದೆ. ಆದರೆ ಇಂಥದ್ದೇ ದಾಖಲೆ ತನ್ನಿ ಎಂದು ಅರ್ಜಿ ನೋಡುವ ಉಪವಿಭಾಗ, ಜಿಲ್ಲಾ ಸಮಿತಿಗಳು ಹಟ ಹಿಡಿಯುವಂತಿಲ್ಲ, 2012ರ ತಿದ್ದುಪಡಿ ಅದನ್ನು ಸ್ಪಷ್ಟವಾಗಿ ತಡೆದಿದೆ.

ಬನಕ್ಕೆ ದೊಡ್ಡ ಶತ್ರು ಜೀರ್ಣೋದ್ಧಾರ. ಕಾಡುಕಲ್ಲನ್ನು ಕಿತ್ತು ಕೆತ್ತಿದ ಮೂರ್ತಿ ಕೂರಿಸಿ, ಟೈಲ್ಸ್ ಹಾಕಿ, ತಗಡಿನ ಚಪ್ಪರ ಎಳೆದರೆ ನೂರು ವರ್ಷದ ಗುರುತು ಒಂದೇ ವಾರದಲ್ಲಿ ಹೋಗುತ್ತದೆ. ಜೊತೆಗೆ ಅರಣ್ಯ ಇಲಾಖೆಗೆ ಹೊಸ ಕಟ್ಟಡದ ಮೊಕದ್ದಮೆ ಹೂಡಲು ದಾರಿ ಸಿಗುತ್ತದೆ. ಅರ್ಜಿ ಇತ್ಯರ್ಥವಾಗುವವರೆಗೆ ಒಂದು ಚೀಲ ಸಿಮೆಂಟೂ ಬನಕ್ಕೆ ಹೋಗಬಾರದು.

ಇನ್ನೊಂದು ತೊಡಕು ಒಳಗಿನದು. ದಲಿತರನ್ನು ಬನದ ಗಡಿಯಲ್ಲೇ ನಿಲ್ಲಿಸುವ ಊರು ಆ ಬನದ ಹೆಸರಿನಲ್ಲಿ ಸಮುದಾಯದ ಹಕ್ಕು ಕೇಳಿದರೆ ದಲಿತ ಕೇರಿ ಸಭೆಗೆ ಬರುವುದಿಲ್ಲ, ಬರಬೇಕಾದ್ದೂ ಇಲ್ಲ. ಈ ಮಾತನ್ನು ಅರ್ಜಿಗೆ ಮೊದಲೇ ಬಗೆಹರಿಸಿ. ಪರೀಕ್ಷೆ ಊಟದ ಪಂಕ್ತಿಯಲ್ಲಿ. ಊರಿಗೆಲ್ಲ ಒಂದು ಊಟ ಇಡಿ; ಬೇಯಿಸುವವರು, ಬಡಿಸುವವರು ಎಲ್ಲ ಕೇರಿಯಿಂದ ಬರಲಿ, ಪಂಕ್ತಿ ಒಂದೇ ಇರಲಿ. ಒಪ್ಪದ ಮನೆಗಳು ಯಾವುವೆಂದು ಅಂದೇ ತಿಳಿಯುತ್ತದೆ, ಮಾತುಕತೆ ಅಲ್ಲಿಂದ ಶುರುಮಾಡಿ.

ಗ್ರಾಮಸಭೆ ಊರು, ಮಜರೆಯ ಮಟ್ಟದ್ದಾಗಬೇಕು, ಪಂಚಾಯಿತಿ ಮಟ್ಟದ್ದಲ್ಲ. ಸದಸ್ಯರಲ್ಲಿ ಅರ್ಧದಷ್ಟು ಜನ ಹಾಜರಿರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು, ಅರ್ಜಿದಾರರಲ್ಲಿ ಅರ್ಧ ಜನವಾದರೂ ಬಂದಿರಬೇಕು. ಶುಕ್ರವಾರ ಮಧ್ಯಾಹ್ನ ಜುಮ್ಮಾ, ಭಾನುವಾರ ಬೆಳಗ್ಗೆ ಚರ್ಚು, ಮಂಗಳವಾರ ದೇವಿಯ ವಾರ, ಮತ್ತೆ ಸಂತೆಯ ದಿನ: ಇಷ್ಟನ್ನು ಬಿಟ್ಟು ದಿನ ಹುಡುಕಿ. ಸಭೆ ದೇವಸ್ಥಾನದ ಅಂಗಳದಲ್ಲಿ ಬೇಡ, ಶಾಲೆಯ ಆವರಣದಲ್ಲಿ ಸೇರಿ. 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ ಪಕ್ಷದ ಕೆಲಸವನ್ನಷ್ಟೇ ಅಲ್ಲ, ರಾಜಕೀಯ ಸ್ವರೂಪದ ವಿಷಯಕ್ಕೆ ಸಭೆ ನಡೆಸುವುದನ್ನೂ ತಡೆಯುತ್ತದೆ. ಶಿಕ್ಷೆ 5 ವರ್ಷದವರೆಗೆ ಹೋಗಬಹುದು. ಚುನಾವಣೆ ಹತ್ತಿರವಿದ್ದರೆ ಇನ್ನೂ ಎಚ್ಚರ. ಹಕ್ಕುಪತ್ರ ಕೊಡಿಸುತ್ತೇವೆಂದು ಅಭ್ಯರ್ಥಿ ದೇವಿಯ ಹೆಸರಲ್ಲಿ ಮತ ಕೇಳಿದರೆ ಅದು ಪ್ರಜಾಪ್ರತಿನಿಧಿ ಕಾಯ್ದೆಯ 123(3)ರಂತೆ ಭ್ರಷ್ಟ ಆಚರಣೆ, ಅಂಥವರನ್ನು ವೇದಿಕೆಗೆ ಹತ್ತಿಸಬೇಡಿ. ಆಣೆ ಇಡಿಸುವುದೂ ಬೇಡ; ದೇವಿಗೆ ಹೆದರಿ ಎತ್ತಿದ ಕೈ ತಾಲ್ಲೂಕು ಕಚೇರಿಗೆ ಬರುವುದಿಲ್ಲ.

"ದೇವರ ಮಾತು ಕೋರ್ಟಿನಲ್ಲಿ ನಡೆಯುತ್ತದೆಯೇ" ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಒಡಿಶಾದ ನಿಯಮಗಿರಿಯನ್ನು ಹೇಳಿ. ಬಾಕ್ಸೈಟ್ ಗಣಿಯಿಂದ ಬೆಟ್ಟದ ದೇವರು ನಿಯಮರಾಜನ ಪೂಜೆಯ ಹಕ್ಕಿಗೆ ಧಕ್ಕೆಯಾಗುತ್ತದೆಯೇ ಎಂಬುದನ್ನು ಗ್ರಾಮಸಭೆಗಳೇ ನೋಡಲಿ ಎಂದು 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಹೇಳಿತು. ಸಭೆ ಸೇರಿದ 12 ಊರುಗಳೂ ಗಣಿ ಬೇಡವೆಂದವು.

ವೈಯಕ್ತಿಕ ಜಮೀನಿಗೆ ನಮೂನೆ ಎ, ಮೇವು, ಸೌದೆ, ಕಿರುಉತ್ಪನ್ನಗಳಂಥ ಸಮುದಾಯ ಹಕ್ಕಿಗೆ ಬಿ, ಬನ ಸೇರಿದ ಇಡೀ ಕಾನಿಗೆ ಸಿ. ಬನಗಳ ಪಟ್ಟಿಯನ್ನು ಮೂರಕ್ಕೂ ಲಗತ್ತಿಸಿ, ನಕ್ಷೆಯಲ್ಲಿ ಅದೇ ಕ್ರಮಸಂಖ್ಯೆ ಹಾಕಿ. ಸಂಖ್ಯೆ ತಾಳೆಯಾಗದಿದ್ದರೆ ಕಡತ ಹಿಂದಕ್ಕೆ ಬರುತ್ತದೆ. ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಯಿಂದ ಸ್ವೀಕೃತಿ ಪಡೆಯದೆ ಎದ್ದು ಬರಬೇಡಿ. ಉಪವಿಭಾಗ ಸಮಿತಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲೇ ಕೇಳಿ, 60 ದಿನದೊಳಗೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಿ.