ಡ್ರಮ್ಸ್ ಬಿಟ್ಟಿಲ್ಲ, ಟೂರ್ ಬಿಟ್ಟೆ

ನಾನು ಬೆಂಗಳೂರಿನ ರಾಕ್ ಡ್ರಮ್ಮರ್. ಕಾಲೇಜು ದಿನಗಳಿಂದ ಬಾರಿಸುತ್ತಿದ್ದೇನೆ, ಈಗ ವಯಸ್ಸು ಅರವತ್ತು ದಾಟಿದೆ. ಹೋದ ವರ್ಷ ಬ್ಯಾಂಡಿನ ಜೊತೆ ಪರಊರಿಗೆ ಹೋಗುವುದನ್ನು ನಿಲ್ಲಿಸಿದೆ. ಬಾರಿಸುವುದನ್ನು ನಿಲ್ಲಿಸಿಲ್ಲ. ಸುದ್ದಿ ಕೇಳಿದವರೆಲ್ಲ "ಓ, ರಿಟೈರ್ ಆದ್ರಾ ಸರ್?" ಅಂತಲೇ ಕೇಳಿದರು. ಆ ಪ್ರಶ್ನೆಗೇ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ವಯಸ್ಸಾದ ರಾಕ್ ಕಲಾವಿದರು ಟೂರ್ ಮಾಡಬೇಕಾ ಬೇಡ್ವಾ ಅನ್ನೋ ಚರ್ಚೆಯಲ್ಲಿ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಆದರೆ ವಯಸ್ಸು ಎಲ್ಲ ವಾದ್ಯದವರನ್ನೂ ಒಂದೇ ಥರ ಕಾಡುವುದಿಲ್ಲ. ಹಾಡುವವರಿಗೆ ಮೇಲಿನ ಸ್ವರ ಎಟುಕದಿದ್ದರೆ ಇಡೀ ಬ್ಯಾಂಡಿನ ಶ್ರುತಿ ಸ್ವಲ್ಪ ಇಳಿಸಬಹುದು. ಗಾಯಕ ಫಿಲ್ ಕಾಲಿನ್ಸ್ 2022ರಲ್ಲಿ ತಮ್ಮ ಜೆನೆಸಿಸ್ ಬ್ಯಾಂಡಿನ ಕೊನೆಯ ಶೋಗಳನ್ನು ಕುರ್ಚಿಯಲ್ಲಿ ಕೂತೇ ಹಾಡಿದರು. ಆದರೆ ಡ್ರಮ್ಸ್ ಬಾರಿಸಿದ್ದು ಅವರ ಮಗ ನಿಕ್. ಒಂದು ಕಾಲಕ್ಕೆ ಆ ಸೀಟು ಕಾಲಿನ್ಸ್ ಅವರದೇ. ಬೆನ್ನುಮೂಳೆ ತೊಂದರೆ ಆದಮೇಲೆ ಅವರಿಗೆ ಕಡ್ಡಿ ಹಿಡಿಯುವುದೇ ಕಷ್ಟವಾಗಿತ್ತು. ಡ್ರಮ್ಮರ್‌ಗೆ ಎರಡೂ ಕೈ, ಎರಡೂ ಕಾಲು ಬೇಕು. ನಾನು ಎಳೆದರೆ, ಅಂದರೆ ತಾಳದಲ್ಲಿ ಹಿಂದೆ ಬಿದ್ದರೆ, ಇಡೀ ಬ್ಯಾಂಡೇ ಎಳೆಯುತ್ತೆ.

ನನಗೆ ಮೊದಲು ಗೊತ್ತಾಗಿದ್ದು ಬಲ ಮುಂಗೈಯಲ್ಲಿ. ವೇಗದ ಹಾಡಿನಲ್ಲಿ ಹೈ-ಹ್ಯಾಟ್ (ಪೆಡಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್ ತಟ್ಟೆ) ಮೇಲೆ ಒಂದೇ ಕೈಯಿಂದ ಬೀಟಿಗೆ ನಾಲ್ಕು ಪೆಟ್ಟು ಬೀಳಬೇಕಾಗುತ್ತೆ. ಹಾಡು ಮುಗಿಯುವಷ್ಟರಲ್ಲಿ ಮುಂಗೈ ಕಲ್ಲಾಗುತ್ತಿತ್ತು. ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಆದರೆ ಜನ ಚಪ್ಪಾಳೆ ಹೊಡೆದರು ಅಂತ ನಾವು ನಂಬಿ ಕೂರೋ ಹಾಗಿಲ್ಲ. ಅದಕ್ಕೇ ನಮ್ಮ ಬೇಸ್ ಗಿಟಾರ್ ಹುಡುಗನನ್ನು ಕೇಳಿದೆ. ಬೇಸ್ ನುಡಿಸುವವನ ಕಿವಿ ಸದಾ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಮೇಲೇ ಇರುತ್ತೆ, ಅವನಿಂದ ಏನೂ ಮುಚ್ಚಿಡೋಕಾಗಲ್ಲ.

"ನಾನು ಎಲ್ಲಿ ಎಳೀತಿದ್ದೀನಿ ಅಂತ ನೀನೇ ಹೇಳ್ಬೇಕು. ದಾಕ್ಷಿಣ್ಯ ಬೇಡ" ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಣ್ಣ, ಇಲ್ಲಿ ಊರಲ್ಲಿ ಬಾರಿಸಿದಾಗ ಏನೂ ತೊಂದ್ರೆ ಇಲ್ಲ. ರಾತ್ರಿ ಬಸ್ಸಲ್ಲಿ ಹೋದ ದಿನ ಸೆಕೆಂಡ್ ಹಾಫ್ ಭಾರ ಆಗುತ್ತೆ."

ಆಮೇಲೆ ನಾವಿಬ್ಬರೂ ಶೋಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ತಾಳ ಎಣಿಸುವ ಮೆಟ್ರೊನೋಮ್ ಹಾಕಿಕೊಂಡು ಕೇಳತೊಡಗಿದೆವು. ಹುಡುಗ ಹೇಳಿದ್ದು ನಿಜ. ಬೆಂಗಳೂರಿನ ಶೋಗಳಲ್ಲಿ ವೇಗ ಕೊನೆಯವರೆಗೂ ನಿಲ್ಲುತ್ತಿತ್ತು. ಹೈದರಾಬಾದಿಗೋ ಪುಣೆಗೋ ಹೋದಾಗ ಅರ್ಧ ಶೋ ಆಗುವಷ್ಟರಲ್ಲಿ ಇಳಿಯುತ್ತಿತ್ತು. ಅಂದರೆ ನನ್ನನ್ನು ಸುಸ್ತು ಮಾಡುತ್ತಿದ್ದದ್ದು ಡ್ರಮ್ಸ್ ಅಲ್ಲ. ನಿದ್ದೆಯಿಲ್ಲದ ರಾತ್ರಿ, ಸಿಂಬಲ್ ಚೀಲ ಹೊತ್ತು ಹತ್ತುವ ಮೆಟ್ಟಿಲು, ಮಧ್ಯಾಹ್ನವೆಲ್ಲ ಸೌಂಡ್‌ಚೆಕ್‌ಗೆ ಕಾಯುವುದು, ಯಾರದೋ ಅಳತೆಗೆ ಜೋಡಿಸಿದ ಕಿಟ್. ಶೋ ಎರಡು ಗಂಟೆ. ಅದರ ಸುತ್ತಲಿನ ಕೆಲಸವೇ ಎರಡು ದಿನ.

ಬಾರಿಸುವ ರೀತಿಯಲ್ಲೂ ಬದಲಾವಣೆ ಮಾಡಿಕೊಂಡೆ. ಇಲ್ಲಿ ನನಗೆ ಗುರು ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಡ್ರಮ್ಮರ್ ಚಾರ್ಲಿ ವಾಟ್ಸ್. ಆ ಬ್ಯಾಂಡ್ 2003ರ ಏಪ್ರಿಲ್‌ನಲ್ಲಿ ನಮ್ಮ ಅರಮನೆ ಮೈದಾನಕ್ಕೆ ಬಂದಾಗ ಅವರಿಗೆ 61. ಅವರ ಬಲಗೈ ನೋಡಿ: ಸ್ನೇರ್ (ಎದುರಿಗೇ ಇರುವ ಚುರುಕು ಸದ್ದಿನ ಡ್ರಮ್) ಮೇಲೆ ಎಡಗೈ ಬೀಳುವ ಕ್ಷಣಕ್ಕೆ ಬಲಗೈ ಹೈ-ಹ್ಯಾಟ್ ಬಿಟ್ಟು ಮೇಲೆ ಎದ್ದಿರುತ್ತೆ. ಎರಡೂ ಒಟ್ಟಿಗೆ ಬೀಳುವುದೇ ಇಲ್ಲ. ಸ್ನೇರ್ ಸದ್ದು ಒಂಟಿಯಾಗಿ, ಚೊಕ್ಕವಾಗಿ ಕೇಳುತ್ತೆ. ನಾಲ್ಕು ಬೀಟಿನ ಪ್ರತಿ ಸುತ್ತಿಗೆ ಬಲಗೈಗೆ ಎರಡು ಪೆಟ್ಟು ಉಳಿಯುತ್ತೆ, ಮಣಿಕಟ್ಟಿಗೆ ಆ ಚೂರು ಬಿಡುವು ಸಾಕು. ವಾಟ್ಸ್ ಇದನ್ನು ಮಾಡಿದ್ದು ವಯಸ್ಸಾಯಿತು ಅಂತಲ್ಲ, ಅದು ಅವರ ಶೈಲಿ. ನಾನು ಕಲಿತದ್ದು ಮಾತ್ರ ವಯಸ್ಸಿಗಾಗಿ. ಅವರು 2019ರವರೆಗೂ, 78ನೇ ವಯಸ್ಸಿನಲ್ಲೂ ಟೂರ್ ಮಾಡಿದರು. ಜೋರಾಗಿ ಬಾರಿಸಿ ಮೆರೆಯಬೇಕು ಅನ್ನೋ ಹಟ ಅವರಿಗೆ ಯಾವತ್ತೂ ಇರಲಿಲ್ಲ.

ಅದೇ ಮೈದಾನಕ್ಕೆ 2007ರ ಮಾರ್ಚ್‌ನಲ್ಲಿ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂತು. ಡ್ರಮ್ಸ್ ಹಿಂದೆ ನಿಕೋ ಮೆಕ್‌ಬ್ರೇನ್. ಆ ಸಂಗೀತದಲ್ಲಿ ವಾಟ್ಸ್ ಥರ ಪೆಟ್ಟು ಉಳಿಸೋಕೆ ಜಾಗವೇ ಇಲ್ಲ. ಓಟವೇ ಅದರ ಜೀವ. ಅವರಿಗೆ 2023ರ ಜನವರಿಯಲ್ಲಿ ಪಾರ್ಶ್ವವಾಯು ಆಗಿ ದೇಹದ ಬಲಭಾಗ ಸ್ವಾಧೀನ ತಪ್ಪಿತು. ಫಿಸಿಯೋಥೆರಪಿ ಮಾಡಿಸಿಕೊಂಡು ಅದೇ ವರ್ಷ ಟೂರ್‌ಗೆ ವಾಪಸ್ ಬಂದರು. ಮುಂಚೆ ಬಾರಿಸುತ್ತಿದ್ದ ಕೆಲವು ವೇಗದ ಫಿಲ್‌ಗಳು, ಅಂದರೆ ಹಾಡಿನ ಸಾಲುಗಳ ನಡುವೆ ತುಂಬುವ ಪೆಟ್ಟುಗಳು, ಕೈಗೆ ಬರಲಿಲ್ಲ, ಅವನ್ನು ಬೇರೆ ಥರ ಬಾರಿಸಿದರು. 2024ರ ಡಿಸೆಂಬರ್ 7ರಂದು ಸಾವೊ ಪೌಲೊದಲ್ಲಿ ಕೊನೆಯ ಬಾರಿ ಬ್ಯಾಂಡ್ ಜೊತೆ ಟೂರ್‌ನಲ್ಲಿ ಬಾರಿಸಿ, ಸೀಟು ಬಿಟ್ಟುಕೊಟ್ಟರು. ಆಗ ಅವರಿಗೆ 72. ಟೂರ್ ಸಾಕು ಅಂದರೇ ಹೊರತು ಸಂಗೀತ ಸಾಕು ಅನ್ನಲಿಲ್ಲ. ನನಗೆ ದಾರಿ ಕಂಡಿದ್ದು ಅಲ್ಲೇ.

ಕಿವಿಯ ವಿಷಯ ಬಿಡೋ ಹಾಗಿಲ್ಲ. ಕೈ ನೋವನ್ನು ಎಲ್ಲರೂ ಹೇಳಿಕೊಳ್ಳುತ್ತೇವೆ, ಕಿವಿಯದ್ದನ್ನು ಮುಚ್ಚಿಡುತ್ತೇವೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅಂತ ಒಂದು ಲೆಕ್ಕ ಇದೆ. ಪ್ರತಿ 3 ಡೆಸಿಬೆಲ್ ಏರಿದ ಹಾಗೆ ಹೊತ್ತು ಅರ್ಧ ಆಗುತ್ತಾ ಹೋಗುತ್ತೆ. 100 ಡೆಸಿಬೆಲ್‌ಗೆ ಸಿಗೋದು 15 ನಿಮಿಷ. ಡ್ರಮ್ಮರ್ ಕಿವಿ ಪಕ್ಕದಲ್ಲೇ ಕ್ರ್ಯಾಶ್ ಸಿಂಬಲ್ ಇರುತ್ತೆ, ಅದು ಇದಕ್ಕಿಂತ ಜೋರು. ನನ್ನ ಕಿವಿ ಪರೀಕ್ಷೆಯ ನಕ್ಷೆಯಲ್ಲಿ (ಆಡಿಯೋಗ್ರಾಮ್) 4000 ಹರ್ಟ್ಸ್ ಹತ್ತಿರ ಗೆರೆ ಗುಂಡಿಗೆ ಬಿದ್ದ ಹಾಗೆ ಇಳಿದಿದೆ. ಸದ್ದಿನಿಂದ ಹಾಳಾದ ಕಿವಿಯ ಗುರುತೇ ಅದು. ಎಸಿ/ಡಿಸಿ ಬ್ಯಾಂಡಿನ ಗಾಯಕ ಬ್ರಯಾನ್ ಜಾನ್ಸನ್ 2016ರಲ್ಲಿ ಟೂರ್ ಅರ್ಧಕ್ಕೆ ಬಿಟ್ಟದ್ದು ಕಿವಿ ಹೋಗುತ್ತೆ ಅನ್ನೋ ಭಯಕ್ಕೇ. ಹೋದ ಕಿವಿ ಅಭ್ಯಾಸ ಮಾಡಿದರೆ ವಾಪಸ್ ಬರಲ್ಲ. ಕಿವಿಯ ಅಳತೆಗೆ ಮಾಡಿಸಿದ ಪ್ಲಗ್ ಇಲ್ಲದೆ ನಾನೀಗ ಸ್ಟೂಲಿನ ಮೇಲೆ ಕೂರುವುದೇ ಇಲ್ಲ. ನಿಮ್ಮ ವಯಸ್ಸು ಇಪ್ಪತ್ತಾದರೂ ಇವತ್ತೇ ಮಾಡಿಸಿಕೊಳ್ಳಿ ದಯವಿಟ್ಟು.

ಉಳಿದದ್ದು ಸಣ್ಣಪುಟ್ಟ ಬದಲಾವಣೆ. ಕಡ್ಡಿ ತೆಳುವಾಯಿತು, ಸಿಂಬಲ್‌ಗಳು ಕೆಳಗಿಳಿದವು, ಸ್ಟೂಲ್ ಎತ್ತರವಾಯಿತು. ಎರಡು ವೇಗದ ಹಾಡು ಬೆನ್ನುಬೆನ್ನಿಗೆ ಬರದ ಹಾಗೆ ಪಟ್ಟಿ ಜೋಡಿಸುತ್ತೇವೆ. ಮೂರು ಹಾಡುಗಳನ್ನು ಕೈಬಿಟ್ಟೆವು. ನನಗೆ ತುಂಬ ಇಷ್ಟವಾದ ಹಾಡೊಂದು ಅದರಲ್ಲಿ ಇತ್ತು, ಆ ವಾರವೆಲ್ಲ ಸಂಕಟವಾಯಿತು.

ಹಾಡಿನ ಶ್ರುತಿ ಇಳಿಸುವುದು, ವೇಗ ಚೂರು ಕಮ್ಮಿ ಮಾಡುವುದು ತಪ್ಪಲ್ಲ. ಆದರೆ ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿ ಬಾರಿಸಿದ ಹಾಗೆ ನಟಿಸುವುದು ಬೇಡ. ದುಡ್ಡು ಕೊಟ್ಟು ಬಂದವರು ನಮ್ಮ ಇವತ್ತಿನ ಕೈಯನ್ನು ಕೇಳೋಕೆ ಬಂದಿರುತ್ತಾರೆ, ಅಲ್ವಾ? ಹಾಗೇ, ಎಪ್ಪತ್ತರಲ್ಲೂ ಟೂರ್ ಮಾಡುವವರನ್ನು "ದುಡ್ಡಿನಾಸೆ" ಅಂತ ಹಳಿಯುವುದೂ ಸರಿಯಲ್ಲ. ಈ ಕಸುಬಿಗೆ ಪಿಂಚಣಿ ಇಲ್ಲ. ಸ್ಟ್ರೀಮಿಂಗ್ ಬಂದಮೇಲೆ ರೆಕಾರ್ಡ್ ಮಾರಾಟದ ದುಡ್ಡೂ ಕರಗಿತು, ಎಷ್ಟೋ ಜನರ ಅನ್ನ ಇರುವುದು ಸ್ಟೇಜಿನಲ್ಲೇ. ನನಗೆ ಬೇರೆ ನೌಕರಿ ಇತ್ತು, ಅದರಿಂದ ಟೂರ್ ಬಿಡೋಕಾಯಿತು. ಎಲ್ಲರಿಗೂ ಆ ಅನುಕೂಲ ಇರಲ್ಲ.

ಈಗ ಪರಊರಿನ ಶೋಗಳಿಗೆ ಇಪ್ಪತ್ತೈದರ ಒಬ್ಬ ಹುಡುಗ ಹೋಗುತ್ತಾನೆ. ಬೆಂಗಳೂರಿನ ಶನಿವಾರಗಳು ನನ್ನವು. ಅವನು ಪ್ರಾಕ್ಟೀಸ್‌ಗೆ ಬರುತ್ತಾನೆ, ಕೈಬಿಟ್ಟ ಮೂರೂ ಹಾಡುಗಳನ್ನು ಕಲಿಸಿದ್ದೇನೆ. ರೆಕಾರ್ಡಿಂಗ್ ಕೇಳುವುದನ್ನು ಬೇಸ್ ಹುಡುಗನೂ ನಾನೂ ನಿಲ್ಲಿಸಿಲ್ಲ. ಬೆಂಗಳೂರಿನ ಶೋಗಳಲ್ಲೂ ಭಾರ ಶುರುವಾಯಿತು ಅಂತ ಅವನು ಹೇಳಿದ ದಿನ ಶನಿವಾರಗಳೂ ಆ ಇಪ್ಪತ್ತೈದರ ಹುಡುಗನಿಗೆ ಹೋಗುತ್ತವೆ. ಮೂವರೂ ಕೂತು ಒಪ್ಪಿಕೊಂಡಿದ್ದೇವೆ.