ಎದೆನೋವಿಗೆ ಫೈರ್ ಎಂಜಿನ್ ಬಂದರೆ ಗಾಬರಿಯಾಗಬೇಡಿ

ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇಲ್ಲಿನ ತುರ್ತು ಸಹಾಯದ ಫೋನ್ ನಂಬರ್ 911ರ ವಿಷಯ. ಮನೆಯಲ್ಲಿ ಯಾರಿಗೋ ಎದೆನೋವು ಅಂತ ಫೋನ್ ಮಾಡುತ್ತೀರಿ, ಬಾಗಿಲಿಗೆ ಬಂದು ನಿಲ್ಲುವುದು ಕೆಂಪು ಫೈರ್ ಎಂಜಿನ್. ತಪ್ಪು ಗಾಡಿ ಬಂತು ಅಂದುಕೊಳ್ಳಬೇಡಿ. ಇಲ್ಲಿನ ಬಹುತೇಕ ನಗರಗಳಲ್ಲಿ ಫೈರ್ ಡಿಪಾರ್ಟ್‌ಮೆಂಟಿಗೆ ಬರುವ ಕರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಯಿಲೆ, ಗಾಯದವು. ಬೆಂಕಿಯವು ಬಹಳ ಕಡಿಮೆ. ಠಾಣೆಗಳು ಊರ ತುಂಬ ಇರುವುದರಿಂದ ಎಷ್ಟೋ ಸಲ ಆಂಬುಲೆನ್ಸಿಗಿಂತ ಮೊದಲು ಎಂಜಿನ್ನೇ ತಲುಪುತ್ತದೆ. ಅದರಲ್ಲಿ ಬರುವವರು ಸಾಮಾನ್ಯವಾಗಿ ಇಎಂಟಿ, ಅಂದರೆ ತುರ್ತು ಪ್ರಥಮ ಚಿಕಿತ್ಸೆಯ, ತರಬೇತಿ ಪಡೆದವರು. ಅನೇಕ ಕಡೆ ಅದಕ್ಕಿಂತ ಹೆಚ್ಚಿನ ವೈದ್ಯಕೀಯ ತರಬೇತಿ ಪಡೆದ ಒಬ್ಬ ಪ್ಯಾರಾಮೆಡಿಕ್ ಕೂಡ ಇರುತ್ತಾರೆ. 1970ರಲ್ಲಿ ಸಿಯಾಟಲ್ ನಗರದಲ್ಲಿ ಹೃದ್ರೋಗ ತಜ್ಞ ಡಾ. ಲಿಯನಾರ್ಡ್ ಕಾಬ್ ಮತ್ತು ಅಗ್ನಿಶಾಮಕ ಇಲಾಖೆಯ ಮುಖ್ಯಸ್ಥ ಗಾರ್ಡನ್ ವಿಕರಿ ಸೇರಿ ಅಗ್ನಿಶಾಮಕ ಸಿಬ್ಬಂದಿಗೇ ಹೃದಯ ಚಿಕಿತ್ಸೆಯ ತರಬೇತಿ ಕೊಟ್ಟು ‘ಮೆಡಿಕ್ ಒನ್’ ಸೇವೆ ಆರಂಭಿಸಿದರು. ಅಂಥ ಪ್ರಯತ್ನಗಳಿಂದ ಬೆಳೆದ ವ್ಯವಸ್ಥೆ ಇದು.

ನಮ್ಮವರು ಮಾಡುವ ಒಂದು ಕೆಲಸ ನನಗೆ ಬಹಳ ಸಂಕಟ ತರುತ್ತದೆ: ಎದೆನೋವಿನ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡುವುದು. ದಯವಿಟ್ಟು ಹಾಗೆ ಮಾಡಬೇಡಿ. ದಾರಿಯಲ್ಲಿ ಹೃದಯ ನಿಂತರೆ ಸ್ಟೀರಿಂಗ್ ಹಿಡಿದ ನೀವು ಏನೂ ಮಾಡಲಾರಿರಿ. ಪ್ಯಾರಾಮೆಡಿಕ್ ಬಂದರೆ ನಿಮ್ಮ ಮನೆಯಲ್ಲೇ ಇಸಿಜಿ ತೆಗೆಯುತ್ತಾರೆ, ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಬಡಿತ ಸರಿಪಡಿಸುವ ಡಿಫಿಬ್ರಿಲೇಟರ್ ಪಕ್ಕದಲ್ಲೇ ಇರುತ್ತದೆ. ಹೃದಯಾಘಾತ ಅಂತ ಕಂಡರೆ ಆಸ್ಪತ್ರೆಗೆ ಮುಂಚೆಯೇ ತಿಳಿಸುತ್ತಾರೆ, ರೋಗಿ ತಲುಪುವಷ್ಟರಲ್ಲಿ ಅಲ್ಲಿ ತಯಾರಿ ನಡೆದಿರುತ್ತದೆ. ಪಾರ್ಶ್ವವಾಯುವಿಗೂ ಇದೇ ಮಾತು. ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ, ಕೊನೆಯ ಬಾರಿ ಅವರು ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅನ್ನುವುದನ್ನು ನೆನಪಿಟ್ಟುಕೊಂಡು ಹೇಳಿ. ಯಾವ ಚಿಕಿತ್ಸೆ ಕೊಡಬಹುದು ಅನ್ನುವುದು ಬಹುಪಾಲು ಅದರ ಮೇಲೆ ನಿಂತಿದೆ.

ಫೋನ್ ಎತ್ತಿದವರಿಗೆ ಮೊದಲು ವಿಳಾಸ ಹೇಳಿ, ಅಪಾರ್ಟ್‌ಮೆಂಟ್ ನಂಬರ್ ಸಮೇತ. ಮೊಬೈಲ್ ತೋರಿಸುವ ಜಾಗ ಅಂದಾಜಿನದು, ಎಷ್ಟನೇ ಮಹಡಿ ಅಂತ ಅದರಿಂದ ಗೊತ್ತಾಗದೇ ಇರಬಹುದು. ಅವರು ಒಂದರ ಮೇಲೊಂದು ಪ್ರಶ್ನೆ ಕೇಳುತ್ತಿದ್ದರೆ ಗಾಡಿ ಹೊರಡಲು ತಡವಾಗುತ್ತಿದೆ ಅಂತ ಅರ್ಥವಲ್ಲ. ಸಾಮಾನ್ಯವಾಗಿ ಅಷ್ಟರಲ್ಲಿ ಗಾಡಿ ಹೊರಟಿರುತ್ತದೆ. ಫೋನ್ ಇಡಬೇಡಿ, ಉಸಿರು ನಿಂತಿದ್ದರೆ ಎದೆ ಒತ್ತುವುದು ಹೇಗೆ ಅಂತ ಅವರೇ ಹೇಳಿಕೊಡುತ್ತಾರೆ. ಇಂಗ್ಲಿಷ್ ಬಾರದ ಅಮ್ಮ ಒಬ್ಬರೇ ಮನೆಯಲ್ಲಿದ್ದರೆ ‘ಕನ್ನಡ, ಇಂಡಿಯಾ’ ಅಂದರೂ ಸಾಕು, ದುಭಾಷಿಗಳನ್ನು ಫೋನಿನಲ್ಲಿ ಸೇರಿಸುವ ವ್ಯವಸ್ಥೆ ಹೆಚ್ಚಿನ ಕಡೆ ಇದೆ. ಕೈತಪ್ಪಿ 911 ಒತ್ತಿದರೂ ಕಟ್ ಮಾಡದೆ, ತಪ್ಪಿ ಬಂತು ಅಂತ ಹೇಳಿ.

ಅವರು ಬರುವುದರೊಳಗೆ ಬಾಗಿಲು ತೆಗೆದಿಡಿ, ಕೆಳಗೆ ಒಬ್ಬರು ನಿಂತು ಗೇಟ್ ತೆರೆಯಲಿ. ಔಷಧಿಗಳ ಚೀಟಿ ಈಗಲೇ ಬರೆದು ಫ್ರಿಜ್ ಮೇಲೆ ಅಂಟಿಸಿ. ಊರಿಂದ ತಂದ ಸ್ಟ್ರಿಪ್ಪಿನ ಮೇಲಿನ ಹೆಸರು ಇಲ್ಲಿಯವರಿಗೆ ತಿಳಿಯದು: ‘ಎಕೋಸ್ಪ್ರಿನ್ 75’ ಅಂದರೆ ಕಣ್ಣು ಬಿಡುತ್ತಾರೆ, ‘ಆಸ್ಪಿರಿನ್ 75 ಮಿಲಿಗ್ರಾಂ’ ಅಂದರೆ ಕೂಡಲೇ ಗೊತ್ತಾಗುತ್ತದೆ. ಅಲರ್ಜಿ, ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಇಂಗ್ಲಿಷಿನಲ್ಲಿ ಬರೆದಿಡಿ.

ಬಿಲ್ಲಿನ ಭಯ ಎಲ್ಲರಿಗೂ ಇದೆ. 911ಕ್ಕೆ ಕರೆ ಮಾಡಿದ್ದಕ್ಕೆ ದುಡ್ಡಿಲ್ಲ. ಆಂಬುಲೆನ್ಸಿನಲ್ಲಿ ಹೋದರೆ ಸಾಮಾನ್ಯವಾಗಿ ಬಿಲ್ ಬರುತ್ತದೆ, ಸಾವಿರ ಡಾಲರ್ ದಾಟುವುದೂ ಉಂಟು. ವಿಮೆಯ ಜಾಲದಲ್ಲಿಲ್ಲದವರು ಅನಿರೀಕ್ಷಿತವಾಗಿ ದೊಡ್ಡ ಬಿಲ್ ಹಾಕುವುದನ್ನು ತಡೆಯಲು 2022ರಿಂದ ಜಾರಿಯಲ್ಲಿರುವ ‘ನೋ ಸರ್‌ಪ್ರೈಸಸ್’ ಕಾಯ್ದೆ ರಸ್ತೆಯ ಆಂಬುಲೆನ್ಸಿಗೆ ಅನ್ವಯಿಸುವುದಿಲ್ಲ. ಬಿಲ್ಲನ್ನು ವಿಮೆಗೆ ಕಳಿಸಿ, ಕಂತು ಕೇಳಿ, ರಿಯಾಯಿತಿ ಕೇಳಿ. ಅದಕ್ಕೆಲ್ಲ ಆಮೇಲೆ ಸಮಯ ಇರುತ್ತದೆ. ಬಂದವರು ನೋಡಿದ ಮೇಲೆ ಆಸ್ಪತ್ರೆಗೆ ಹೋಗಲು ಒಲ್ಲೆ ಅನ್ನುವ ಹಕ್ಕೂ ಪ್ರಜ್ಞೆಯಲ್ಲಿರುವ ವಯಸ್ಕರಿಗೆ ಇದೆ, ಸಹಿ ಹಾಕಿಸಿಕೊಂಡು ಹೊರಡುತ್ತಾರೆ. ಸಣ್ಣ ಜ್ವರ, ನೆಗಡಿಗೆ ಅರ್ಜೆಂಟ್ ಕೇರ್ (ಮುಂಚೆ ಸಮಯ ಗೊತ್ತುಮಾಡದೆ ಹೋಗಬಹುದಾದ ಕ್ಲಿನಿಕ್) ಸಾಕು.

ಬೆಂಕಿಯ ವಿಷಯ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ. ಮುಚ್ಚಳ ಮುಚ್ಚಿ, ಒಲೆ ಆರಿಸಿ. ಬೆಂಕಿ ಹರಡಿದರೆ ಎಲ್ಲರೂ ಹೊರಗೆ ಬನ್ನಿ, ಬರುವಾಗ ಬಾಗಿಲು ಎಳೆದುಕೊಳ್ಳಿ, ಲಿಫ್ಟ್ ಹತ್ತಬೇಡಿ, ಹೊರಗಿನಿಂದ ಫೋನ್ ಮಾಡಿ. ಒಗ್ಗರಣೆಗೆ ಕೂಗುತ್ತದೆ ಅಂತ ಸ್ಮೋಕ್ ಅಲಾರ್ಮಿನ ಬ್ಯಾಟರಿ ಕಿತ್ತಿಡುವವರನ್ನು ನೋಡಿದ್ದೇನೆ. ಅದರ ಬದಲು ಕಿಟಕಿ ತೆಗೆಯಿರಿ. ತಿಂಗಳಿಗೊಮ್ಮೆ ಅದರ ಗುಂಡಿ ಒತ್ತಿ ನೋಡಿ, 10 ವರ್ಷ ಹಳೆಯದಾಗಿದ್ದರೆ ಬದಲಾಯಿಸಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಹೇಳಿ. ಕೆಲವು ನಗರಗಳಲ್ಲಿ ಫೈರ್ ಡಿಪಾರ್ಟ್‌ಮೆಂಟಿನವರೇ ಉಚಿತವಾಗಿ ಹಾಕಿಕೊಡುತ್ತಾರೆ, ಸಿಪಿಆರ್, ಅಂದರೆ ಹೃದಯ ನಿಂತಾಗ ಎದೆ ಒತ್ತುವುದನ್ನು ಕಲಿಸುವ, ತರಗತಿಯನ್ನೂ ನಡೆಸುತ್ತಾರೆ. ನಗರದ ತುರ್ತಲ್ಲದ ನಂಬರಿಗೆ ಫೋನ್ ಮಾಡಿ ವಿಚಾರಿಸಿ. ಇಂಥದಕ್ಕೆ 911 ಬೇಡ.